ಇಪ್ಪತ್ತನಾಲ್ಕರಿಂದ ಗುಣಿಸುವವರಿಗೆ

ಕಾಪು, ಕಾರ್ಕಳ ಕಡೆಯ ಮದುವೆ ಮನೆಯಲ್ಲಿ ಹುಡುಗನ ದುಬೈ ಸಂಬಳದ ಮಾತು ಬಂತೆಂದರೆ ಕೇಳಿದವರೆಲ್ಲ ಮನಸ್ಸಿನಲ್ಲೇ ಗುಣಿಸತೊಡಗುತ್ತಾರೆ. ದಿರ್ಹಾಂಗೆ 24 ರೂಪಾಯಿ ಹಿಡಿದರೆ 5,000 ದಿರ್ಹಾಂ ಅಂದರೆ 1.20 ಲಕ್ಷ. ಮಣಿಪಾಲದಲ್ಲಿ 40 ಸಾವಿರಕ್ಕೆ ದುಡಿಯುವ ಹುಡುಗ ಅಲ್ಲಿಗೆ ಬಡವನಾದ.

ಗುಣಾಕಾರ ಸರಿ, ತೀರ್ಮಾನ ತಪ್ಪು. ವಿನಿಮಯ ದರ ಹೇಳುವುದು ಊರಿಗೆ ಬಂದ ಹಣದ ಬೆಲೆಯನ್ನು, ಅಲ್ಲೇ ಖರ್ಚಾದ ಹಣದ್ದನ್ನಲ್ಲ. ಕೊಳ್ಳುವ ಶಕ್ತಿಯ ಲೆಕ್ಕ ಹಾಕಿದರೆ ದಿರ್ಹಾಂ ಈ 24 ರೂಪಾಯಿಯ ಅರ್ಧದಷ್ಟೂ ಬಾಳುವುದಿಲ್ಲ. ಹಲವರು ಹಂಚಿಕೊಂಡ ಕೋಣೆಯ ಬೆಡ್‌ಸ್ಪೇಸ್‌ನಲ್ಲಿ ಮಲಗಿ, ಮೆಸ್‌ನಲ್ಲಿ ಉಂಡು 3,000 ದಿರ್ಹಾಂ ಊರಿಗೆ ಕಳಿಸುವವನಿಗೆ ಅದು ನಿಜವಾಗಿಯೂ 72 ಸಾವಿರವೇ. ಹೆಂಡತಿ ಮಕ್ಕಳನ್ನು ಕರೆಸಿಕೊಂಡ ದಿನ ಲೆಕ್ಕ ತಲೆಕೆಳಗಾಗುತ್ತದೆ. 4,000 ದಿರ್ಹಾಂ ಸಂಬಳವಿದ್ದರೆ ಕುಟುಂಬ ವೀಸಾಕ್ಕೆ ಅರ್ಜಿ ಹಾಕಬಹುದು. ಆದರೆ ವೀಸಾ ಸಿಕ್ಕಿತೆಂದು ಸಂಸಾರ ಸಾಗುವುದಿಲ್ಲ: ಫ್ಲ್ಯಾಟ್ ಬಾಡಿಗೆ ಕಟ್ಟಬೇಕು, ಭಾರತೀಯ ಪಠ್ಯಕ್ರಮದ ಶಾಲೆಗಳೆಲ್ಲ ಖಾಸಗಿಯಾದ್ದರಿಂದ ಮಕ್ಕಳ ಫೀಸೂ ಕಟ್ಟಬೇಕು. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅಪ್ಪ ಅಲ್ಲಿ, ಮಕ್ಕಳು ಇಲ್ಲಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು, ಇಡೀ ಕರ್ನಾಟಕದಲ್ಲಿ 973. ಇದರ ಹಿಂದೆ ಗಲ್ಫ್ ಮಾತ್ರವಲ್ಲ, ಮುಂಬೈ, ಬೆಂಗಳೂರೂ ಇವೆ.

‘ಅಲ್ಲಿ ಟ್ಯಾಕ್ಸೇ ಇಲ್ಲ’ ಎನ್ನುವುದು ಇನ್ನೊಂದು ಮಾತು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ 2018ರಿಂದ 5% ವ್ಯಾಟ್ ಇದೆ, ದುಬೈಯಲ್ಲಿ ವರ್ಷದ ಬಾಡಿಗೆಯ 5% ಕರೆಂಟು-ನೀರಿನ ಬಿಲ್ಲಿನ ಜೊತೆ ಬರುತ್ತದೆ. ಇತ್ತ 2025ರ ಬಜೆಟ್‌ನ ನಂತರ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ವಾರ್ಷಿಕ ಸಂಬಳಕ್ಕೆ ಭಾರತದಲ್ಲೂ ಆದಾಯ ತೆರಿಗೆ ಬೀಳುವುದಿಲ್ಲ. ಮಣಿಪಾಲದ ಆ 40 ಸಾವಿರದ ಹುಡುಗ ಉಳಿಸಲು ಹೊರಟಿರುವ ತೆರಿಗೆಯಾದರೂ ಯಾವುದು?

ನಿವೃತ್ತಿಯ ವಿಚಾರದಲ್ಲಂತೂ ಎರಡು ಕಡೆಯಿಂದಲೂ ತಪ್ಪು ಮಾತು. ‘ವಾಪಸ್ ಬರುವಾಗ ಕೈತುಂಬ ಗ್ರಾಚ್ಯುಟಿ’ ಅನ್ನುವವರು ಒಂದು ಕಡೆ, ‘ಬರಿಗೈಯಲ್ಲಿ ಕಳಿಸುತ್ತಾರೆ’ ಅನ್ನುವವರು ಇನ್ನೊಂದು ಕಡೆ. ಯುಎಇ ಕಾನೂನಿನ ಪ್ರಕಾರ ಮೊದಲ 5 ವರ್ಷ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ವೇತನ ಕೊಡಬೇಕು. ಲೆಕ್ಕ ಮೂಲ ವೇತನದ (ಬೇಸಿಕ್) ಮೇಲೆ ಮಾತ್ರ. 5,000ದಲ್ಲಿ ಬೇಸಿಕ್ 2,500 ಇದ್ದವನು 10 ವರ್ಷ ದುಡಿದರೆ 255 ದಿನದ ವೇತನ, ಅಂದರೆ 21,250 ದಿರ್ಹಾಂ. ಇಲ್ಲಿಗೆ ತಂದರೆ 5.10 ಲಕ್ಷ. ಇದು ನಮ್ಮಲ್ಲಿನ ಗ್ರಾಚ್ಯುಟಿಯ 15 ದಿನಕ್ಕಿಂತ ಉದಾರವೇ. ಆದರೆ ನಮ್ಮಲ್ಲಿರುವಂತೆ ಪ್ರತಿ ತಿಂಗಳೂ ಕೂಡುವ ಪಿಎಫ್ ಇಲ್ಲ, ವಲಸಿಗನಿಗೆ ಸರ್ಕಾರಿ ಪಿಂಚಣಿಯೂ ಇಲ್ಲ. ಬದುಕೆಲ್ಲ ಅಲ್ಲೇ ಕಳೆದರೂ ಸಾಮಾನ್ಯ ನೌಕರನ ವಾಸ ನಿಂತಿರುವುದು ಕೆಲಸದ ವೀಸಾದ ಮೇಲೆ.

ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಯುಎಇ 15ನೆಯದು, ಭಾರತ 130ನೆಯದು. ಅದನ್ನು ನೋಡಿ ಕೈಚೆಲ್ಲುವವರು ಅದು ಇಡೀ ದೇಶದ ಸರಾಸರಿ ಎಂಬುದನ್ನು ಮರೆಯುತ್ತಾರೆ. 2011ರಲ್ಲೇ ಉಡುಪಿಯ ಸಾಕ್ಷರತೆ 86% ದಾಟಿತ್ತು, ದೇಶದ್ದು 74%ರ ಆಸುಪಾಸು. ಕಾರ್ಕಳದ ಅಪ್ಪನಿಗೆ ಎದೆನೋವು ಬಂದರೆ ಬೈಲೂರು, ಹಿರಿಯಡ್ಕ ದಾಟಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಕರೆದೊಯ್ಯಬಹುದು. ಆ ಹೊತ್ತಿನಲ್ಲಿ ಮಗ ಎಲ್ಲಿರುತ್ತಾನೆ ಎಂಬುದಕ್ಕೆ ಯಾವ ಸೂಚ್ಯಂಕದಲ್ಲೂ ಅಂಕವಿಲ್ಲ.

ಹಾಗೆಂದು ‘ಊರೇ ಸ್ವರ್ಗ’ ಅನ್ನುವ ವಾಟ್ಸ್‌ಆ್ಯಪ್ ಪ್ರವಚನವನ್ನೂ ನಾನು ಒಪ್ಪುವುದಿಲ್ಲ. ವರ್ಷಕ್ಕೆ 30 ದಿನ ಸಂಬಳಸಹಿತ ರಜೆ, ಬಿಸಿಲುಗಾಲದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ತಡೆ: ಇವು ಅಲ್ಲಿನ ಕಾನೂನಿನಲ್ಲಿವೆ. ನಮ್ಮ ಅದೆಷ್ಟು ಅಂಗಡಿ, ಹೋಟೆಲುಗಳಲ್ಲಿ ಹುಡುಗರಿಗೆ ತಿಂಗಳ ರಜೆ ಇದೆ?

ಆಫರ್ ಲೆಟರ್ ಬಂದಾಗ ಒಟ್ಟು ಸಂಬಳ ನೋಡುವ ಮೊದಲು ಬೇಸಿಕ್ ಎಷ್ಟು, ವಸತಿ ಯಾರದ್ದು, ವಿಮೆ ಕುಟುಂಬಕ್ಕೂ ಇದೆಯೇ ಎಂದು ಓದಿ. ಊರಿಗೆ ಎಷ್ಟು ಕಳಿಸಬಹುದೋ ಅಷ್ಟನ್ನು ಮಾತ್ರ 24ರಿಂದ ಗುಣಿಸಿ.