ಗಂಟು ಬಿಗಿಯಲಿ, ಕುಣಿಕೆ ಬಿಗಿಯದಿರಲಿ

ಬಾವಿಗೆ ಇಳಿಬಿಡುವ ಕೊಡದ ಕೊರಳಿಗೆ ಹಾಕುವುದು ಜೀರುಗುಣಿಕೆ. ನೀರು ತುಂಬಿ ಭಾರ ಹೆಚ್ಚಿದಷ್ಟೂ ಅದು ಬಿಗಿಯುತ್ತದೆ, ಕೊಡ ಕಳಚುವುದಿಲ್ಲ. ಅದೇ ಕುಣಿಕೆಯನ್ನು ಬಾವಿಗೆ ಬಿದ್ದ ಮನುಷ್ಯನ ಎದೆಗೆ ಹಾಕಿ ಎಳೆದರೆ ಉಸಿರೇ ಕಟ್ಟೀತು. ಜೀವ ಎತ್ತುವ ಕುಣಿಕೆಯ ಗುಣವೇ ಬೇರೆ: ಭಾರ ಬಿದ್ದಾಗ ಗಂಟು ಬಿಗಿಯಬೇಕು, ಕುಣಿಕೆ ಮಾತ್ರ ಕಿರಿದಾಗಬಾರದು.

ನಾವಿಕರು ಶತಮಾನಗಳಿಂದ ನೆಚ್ಚಿರುವ ‘ಬೋಲೈನ್’ ಇಂಥ ಗಂಟು. ಹಗ್ಗದ ಉದ್ದ ಭಾಗದಲ್ಲಿ, ತುದಿಯ ಕಡೆಯ ಎಳೆ ಮೇಲೆ ಬರುವಂತೆ ಪುಟ್ಟದೊಂದು ಸುರುಳಿ ಮಾಡಬೇಕು. ತುದಿಯನ್ನು ಅದರೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗವನ್ನು ಹಿಂದಿನಿಂದ ಬಳಸಿ, ಮತ್ತೆ ಅದೇ ಸುರುಳಿಯೊಳಗೆ ಇಳಿಸಬೇಕು. ಎಳೆದಾಗ ಸುರುಳಿ ತುದಿಯನ್ನು ಅವುಚಿ ಹಿಡಿಯುತ್ತದೆ. ಎಷ್ಟೇ ಭಾರ ಹೊತ್ತಿದ್ದರೂ, ಭಾರ ಇಳಿದ ಮೇಲೆ ಸಲೀಸಾಗಿ ಬಿಚ್ಚಬಹುದು.

ಇಲ್ಲಿ ಕೆಲಸ ಮಾಡುವುದು ಘರ್ಷಣೆ. ಹಗ್ಗ ಬಳಸಿಕೊಂಡಷ್ಟೂ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಈ ಲೆಕ್ಕ ಕೊಟ್ಟಿದ್ದ. ಆದರೆ ಇದಕ್ಕೆ ಬೆಲೆಯೂ ಉಂಟು. ಬಾಗಿದ ಕಡೆ ಹೊರಮೈಯ ನಾರುಗಳ ಮೇಲೆ ಸೆಳೆತ ಹೆಚ್ಚು, ಒಳಮೈಯವುಗಳ ಮೇಲೆ ಕಡಿಮೆ. ಹಾಗಾಗಿ ಗಂಟು ಹಾಕಿದ ಹಗ್ಗಕ್ಕೆ ಮೂಲ ಬಲದ ಸುಮಾರು ಮುಕ್ಕಾಲು ಪಾಲು ಉಳಿದರೆ ದೊಡ್ಡದು.

ಹಗ್ಗದ ಆಯ್ಕೆಯೂ ಗಂಟಿನಷ್ಟೇ ಮುಖ್ಯ. ತೆಂಗಿನ ನಾರಿನ ಹಗ್ಗ ಒರಟು, ಗಂಟು ಕಚ್ಚಿಕೊಂಡು ಕೂರುತ್ತದೆ. ಬಲ ಮಾತ್ರ ಕಡಿಮೆ. ಅಂಗಡಿಯಲ್ಲಿ ತೂಗುವ ಬಣ್ಣದ ಪಾಲಿಪ್ರೊಪಿಲೀನ್ ಹಗ್ಗ ಅಗ್ಗ, ಹಗುರ, ನೀರಲ್ಲಿ ತೇಲುತ್ತದೆ. ಆದರೆ ಅದು ನುಣುಪು, ಬಿಸಿಲಿಗೆ ಪುಡಿಯಾಗುತ್ತದೆ. ಮನುಷ್ಯನ ಭಾರಕ್ಕೆ ಅದನ್ನು ನಂಬುವುದು ತಪ್ಪು. ಡೈನೀಮಾ ಎಂಬ ನಾರು ತೂಕಕ್ಕೆ ಹೋಲಿಸಿದರೆ ಉಕ್ಕನ್ನೂ ಮೀರಿಸುವಷ್ಟು ಗಟ್ಟಿ. ಅದರಲ್ಲಿ ಹಾಕಿದ ಗಂಟು ಜಾರುತ್ತದೆ, ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಅದು ಕರಗುತ್ತದೆ ಕೂಡ.

ಬಂಡೆ ಹತ್ತುವವರಿಗೆ ಬೇಕಾದದ್ದು ಹಿಗ್ಗುವ ನೈಲಾನ್ ಹಗ್ಗ. ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರುವ ಈ ರಚನೆಯನ್ನು 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ತಂದಿತು. ಮಾನದಂಡದ ಪರೀಕ್ಷೆಯಲ್ಲಿ, ಬೀಳುವ ತೂಕವನ್ನು ತಡೆಯುವಾಗ ಅದು ಶೇ. 40ರವರೆಗೂ ಹಿಗ್ಗಬಹುದು. ಹಿಗ್ಗದ ಹಗ್ಗವಾದರೆ ಆ ಜಗ್ಗಿನ ಏಟೆಲ್ಲ ಸೊಂಟಕ್ಕೇ.

ಇಂಥ ನುಣುಪು ಹಗ್ಗದಲ್ಲಿ ಬೋಲೈನ್, ಭಾರವಿಲ್ಲದೆ ಅಲುಗುತ್ತಿದ್ದರೆ ಸಡಿಲವಾಗುತ್ತದೆ. ಆದ್ದರಿಂದ ಆರೋಹಿಗಳ ಆಯ್ಕೆ ಎಂಟರ ಗಂಟು. ಹಗ್ಗದಲ್ಲಿ ಇಂಗ್ಲಿಷಿನ ‘8’ ಅಂಕಿ ಮೂಡಿಸಿ, ತುದಿಯನ್ನು ಸೊಂಟಪಟ್ಟಿಯಲ್ಲಿ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಪೋಣಿಸಬೇಕು. ಎರಡು ಎಳೆಗಳೂ ಎಲ್ಲೆಡೆ ಜೋಡಿಯಾಗಿ ಸಾಗಿದ್ದರೆ ಸರಿ. ತಪ್ಪಿದ್ದರೆ ದೂರದಿಂದಲೇ ಕಾಣುತ್ತದೆ.

ಆದರೆ ನೋಡಿದರೆ ಮಾತ್ರ. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಅಮೆರಿಕದ ಹೆಸರಾಂತ ಆರೋಹಿ ಲಿನ್ ಹಿಲ್ ಹಗ್ಗವನ್ನು ಸೊಂಟಪಟ್ಟಿಗೆ ತೂರಿಸಿದರು, ಗಂಟು ಪೂರ್ತಿ ಮಾಡುವುದನ್ನು ಮರೆತರು. ತುದಿ ತಲುಪಿ ಹಗ್ಗಕ್ಕೆ ಮೈ ಬಿಟ್ಟಾಗ ಅದು ಜಾರಿ ಹೊರಬಂತು. ಸುಮಾರು 22 ಮೀಟರ್ ಬಿದ್ದರು. ಮರದ ಕೊಂಬೆಗಳು ತಡೆದದ್ದರಿಂದ ಬದುಕಿದರು, ನಾಲ್ಕೇ ವರ್ಷದಲ್ಲಿ ಎಲ್ ಕ್ಯಾಪಿಟಾನ್ ಬಂಡೆಯ ‘ನೋಸ್’ ದಾರಿಯನ್ನು ಕೈಕಾಲಿನ ಬಲದಿಂದಲೇ ಹತ್ತಿದ ಮೊದಲಿಗರೂ ಆದರು.

ಬಂಡೆಗೆ ಕೈ ಹಚ್ಚುವ ಮೊದಲು ಜೊತೆಗಾರರು ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡುವುದು ಇದಕ್ಕೇ. ಜೊತೆಗೆ ತುದಿ ಎಷ್ಟು ಉಳಿದಿದೆ ಎಂದೂ ನೋಡುತ್ತಾರೆ: ಹಗ್ಗದ ದಪ್ಪದ ಹತ್ತರಷ್ಟು, ಅಂದರೆ 10 ಮಿಲಿಮೀಟರ್ ಹಗ್ಗವಾದರೆ 10 ಸೆಂಟಿಮೀಟರ್‌ಗೆ ಕಡಿಮೆ ಇಲ್ಲದಂತೆ.