ನಿಮಗಿದು ಗೊತ್ತೆ? ಥರ್ಮಾಪಿಲೆಯ ಪದ್ಯ ಯಾರದು?
ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮಾಪಿಲೆಯಲ್ಲಿ ಪರ್ಷಿಯನ್ನರನ್ನು ತಡೆದು ಮಡಿದ ಸ್ಪಾರ್ಟಾ ಯೋಧರ ಸ್ಮಾರಕಕ್ಕೆ ಕೆತ್ತಿಸಿದ್ದು ಎರಡೇ ಸಾಲಿನ ಪದ್ಯ. ಅದರಲ್ಲಿ ದೊರೆ ಲಿಯೊನಿಡಾಸನ ಹೆಸರಿಲ್ಲ, ಶತ್ರುವಿನ ಮಾತಿಲ್ಲ, ಪರಾಕ್ರಮದ ಬಣ್ಣನೆಯೂ ಇಲ್ಲ. ಸತ್ತವರೇ ದಾರಿಹೋಕನನ್ನು ಕರೆದು, ಊರಿಗೆ ಸುದ್ದಿ ಮುಟ್ಟಿಸೆಂದು ಕೇಳುತ್ತಾರೆ. ಆ ಸಂಯಮವೇ ಅದರ ಶಕ್ತಿ.

ಬರೆದವನು ಕವಿ ಸಿಮೊನಿಡೀಸ್ ಎಂಬುದು ಪ್ರತೀತಿ. ಆದರೆ ಪದ್ಯವನ್ನು ದಾಖಲಿಸಿದ ಇತಿಹಾಸಕಾರ ಹೆರೊಡೋಟಸ್ ಹಾಗೆ ಹೇಳುವುದಿಲ್ಲ. ಅವನು ಕೊಡುವ ಮೂರು ಶಾಸನಪದ್ಯಗಳಲ್ಲಿ ಸಿಮೊನಿಡೀಸನ ಹೆಸರು ಬರುವುದು ಒಂದಕ್ಕೆ ಮಾತ್ರ: ಸಾವು ಖಚಿತವೆಂದು ತಿಳಿದೂ, ಒಬ್ಬನೇ ಮಗನನ್ನು ಮನೆಗೆ ಕಳುಹಿಸಿ ತಾನು ಉಳಿದ ಕಣಿಕಾರ ಮೆಗಿಸ್ಟಿಯಾಸನ ಶಾಸನಕ್ಕೆ. ಗೆಳೆತನಕ್ಕಾಗಿ ಅದನ್ನು ನಿಲ್ಲಿಸಿದವನು ಸಿಮೊನಿಡೀಸ್.

ಮೂಲ ಕಲ್ಲು ಉಳಿದಿಲ್ಲ. ಅಲ್ಲಿನ ಕೊಲೊನೊಸ್ ಗುಡ್ಡದಲ್ಲಿ ಇಂದು ಪ್ರವಾಸಿಗರು ಓದುವುದು 20ನೇ ಶತಮಾನದ ಫಲಕವನ್ನು.