ಒಳಲೆಗೆ ಬಂದ ಎದೆಹಾಲು

ಹಾಲಿಗೆ ಸಂಬಂಧಿಸಿದ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಹಸುವಿನ ಹಾಲನ್ನು ಕರೆಯುತ್ತೇವೆ, ಕಾಯಿಸುತ್ತೇವೆ, ಹೆಪ್ಪು ಹಾಕುತ್ತೇವೆ. ತಾಯಿ ಮಗುವಿಗೆ ಹಾಲೂಡುತ್ತಾಳೆ, ಮೊಲೆಯುಣಿಸುತ್ತಾಳೆ. ಆದರೆ ತಾಯಿಯೊಬ್ಬಳು ತನ್ನ ಎದೆಯ ಹಾಲನ್ನು ತಾನೇ ಹೊರತೆಗೆದು, ಪಾತ್ರೆಯಲ್ಲಿ ಹಿಡಿದು, ಅನಂತರ ಮಗುವಿಗೆ ಕುಡಿಸುವ ಕೆಲಸಕ್ಕೆ ನಮ್ಮಲ್ಲಿ ಒಂದು ಗೌರವದ ಕ್ರಿಯಾಪದ ಇನ್ನೂ ಹುಟ್ಟಿಲ್ಲ. 'ಕರೆಯುವುದು' ಎಂದರೆ ಕೊಟ್ಟಿಗೆಯ ನೆನಪಾಗುತ್ತದೆ. 'ಹಿಂಡುವುದು' ಎಂದರೆ ಒದ್ದೆ ಬಟ್ಟೆಯೋ ನಿಂಬೆಯ ಹೋಳೋ ಕಣ್ಣ ಮುಂದೆ ಬರುತ್ತದೆ. ಈ ಕೆಲಸವನ್ನು ಮಾಡುವ ಇಂದಿನ ತಾಯಂದಿರು 'ಪಂಪ್ ಮಾಡುವುದು' ಎಂದು ಹೇಳಿ ಸುಮ್ಮನಾಗುತ್ತಾರೆ. ನೆಟ್ಟಗೆ ಒಂದು ಹೆಸರೂ ಇಲ್ಲದ ಕೆಲಸ ಲೋಕದ ಲೆಕ್ಕಕ್ಕೆ ಸೇರುವುದು ಕಷ್ಟ. ಆ ಲೆಕ್ಕವನ್ನು ಸ್ವಲ್ಪ ಮಟ್ಟಿಗಾದರೂ ಬರೆದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನನ್ನ ಮಗಳ ಚೊಚ್ಚಲ ಹೆರಿಗೆ 31ನೆಯ ವಾರದಲ್ಲಿಯೇ ಆಯಿತು. ಹುಟ್ಟಿದ ಹೆಣ್ಣುಕೂಸನ್ನು ತಾಯಿಯ ಮಗ್ಗುಲಿಗೆ ಮಲಗಿಸುವ ಬದಲು ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿಡಬೇಕಾಯಿತು. ಚೀಪುವುದು, ನುಂಗುವುದು, ನಡುವೆ ಉಸಿರಾಡುವುದು, ಈ ಮೂರನ್ನೂ ಒಂದು ಲಯಕ್ಕೆ ತರುವ ಶಕ್ತಿ ಶಿಶುವಿಗೆ ಸಾಮಾನ್ಯವಾಗಿ ಗರ್ಭದ 34ನೆಯ ವಾರದ ಸುಮಾರಿಗೆ ಬರುತ್ತದೆ. ಅದಕ್ಕೆ ಮುಂಚೆ ಹುಟ್ಟಿದ ಕೂಸಿಗೆ ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಬಿಟ್ಟ ಸಣ್ಣ ನಳಿಗೆಯೇ ಗತಿ. ಆದರೆ ಆ ನಳಿಗೆಯಲ್ಲಿ ಹರಿಯುವುದು ತಾಯಿಯ ಹಾಲೇ ಆಗಿರಬೇಕೆಂದು ವೈದ್ಯರು ಬಯಸುತ್ತಾರೆ. ಅಕಾಲದಲ್ಲಿ ಹುಟ್ಟಿದ ಮಕ್ಕಳ ಎಳೆಯ ಕರುಳನ್ನು ಕಾಡುವ ಒಂದು ಭೀಕರ ರೋಗದ ಅಪಾಯವನ್ನು ತಾಯಿಯ ಹಾಲು ಬಹುಮಟ್ಟಿಗೆ ತಗ್ಗಿಸುತ್ತದೆ. ಹೀಗೆ ನನ್ನ ಮಗಳು ಮಗುವನ್ನು ಎತ್ತಿಕೊಳ್ಳುವುದಕ್ಕೆ ಮೊದಲೇ ಅದಕ್ಕೆ ಹಾಲು ಕೊಡುವ ತಾಯಿಯಾದಳು.

ಮೊದಲನೆಯ ದಿನ ದೊರೆತದ್ದು ಕೆಲವೇ ಹನಿ. ಗಿಣ್ಣಿನಂತೆ ಹಳದಿ ಬಣ್ಣದ ಆ ಹನಿಗಳನ್ನು ದಾದಿ ಕೈಯಿಂದಲೇ ತೆಗೆದು ಒಂದು ಪುಟ್ಟ ಚಮಚದಲ್ಲಿ ಹಿಡಿದಳು. ಮೂರನೆಯ ದಿನದ ಹೊತ್ತಿಗೆ ಹಾಲು ಇಳಿಯಿತು, ಯಂತ್ರವೂ ಬಂದಿತು. ಮೂರು ಗಂಟೆಗೊಮ್ಮೆ, ಹಗಲು ರಾತ್ರಿಯೆನ್ನದೆ, ಎಂಟು ಬಾರಿ ಹಾಲು ತೆಗೆಯಬೇಕೆಂದು ಅವಳಿಗೆ ಹೇಳಿದರು. ಇದು ವೃಥಾ ಕಟ್ಟುಪಾಡಲ್ಲ. ಎದೆಯಲ್ಲಿ ಹಾಲು ಹುಟ್ಟುವುದು ಅದು ಖಾಲಿಯಾದಷ್ಟೂ. ತುಂಬಿ ನಿಂತರೆ ಉತ್ಪತ್ತಿ ಇಳಿಯುತ್ತದೆ. ಹಾಲನ್ನು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಎಂಬ ರಸ ರಾತ್ರಿಯ ವೇಳೆ ರಕ್ತದಲ್ಲಿ ಹೆಚ್ಚಾಗಿರುತ್ತದೆ. ಆದುದರಿಂದ ಮನೆಯೆಲ್ಲ ಮಲಗಿರುವ ಎರಡು ಗಂಟೆಯ ಸರದಿಯನ್ನು ತಪ್ಪಿಸುವಂತಿಲ್ಲ. ಬಳಿಯಲ್ಲಿ ಮಗು ಅತ್ತು ಎಬ್ಬಿಸಿದರೆ ತಾಯಿ ಏಳುವುದು ಸಹಜ. ಎಬ್ಬಿಸುವ ಮಗುವೇ ಇಲ್ಲದ ಕೋಣೆಯಲ್ಲಿ ಗಡಿಯಾರದ ಗಂಟೆಗೆ ಎದ್ದು ಯಂತ್ರದ ಮುಂದೆ ಕೂರುವುದು ಬೇರೆಯೇ ಒಂದು ವ್ರತ.

ಯಂತ್ರ ಹಚ್ಚಿದೊಡನೆ ಹಾಲು ಸುರಿಯುವುದಿಲ್ಲ. ಅದನ್ನು ಇಳಿಯಬಿಡುವ ಕೆಲಸ ಆಕ್ಸಿಟೋಸಿನ್ ಎಂಬ ಮತ್ತೊಂದು ರಸದ್ದು. ನೋವು, ಭಯ, ದಣಿವುಗಳು ಅದನ್ನು ತಡೆಯುತ್ತವೆ. ಮಗುವಿನ ನೆನಪೊಂದೇ ಅದನ್ನು ಕರೆತರಬಲ್ಲದು. ನನ್ನ ಮಗಳು ಕೂಸಿನ ಚಿತ್ರವನ್ನು ಎದುರಿಗೆ ಇಟ್ಟುಕೊಂಡು, ಅದಕ್ಕೆ ಹೊದಿಸಿದ್ದ ಬಟ್ಟೆಯ ತುಂಡನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದಳು. ಇದನ್ನು ನೋಡಿದಾಗ ನನಗೆ ಸುಶ್ರುತ ನೆನಪಾದ. ಮಗುವನ್ನು ಮುಟ್ಟುವುದರಿಂದ, ನೋಡುವುದರಿಂದ, ಎತ್ತಿಕೊಳ್ಳುವುದರಿಂದ, ಕೇವಲ ನೆನೆಯುವುದರಿಂದಲೂ ಸ್ತನ್ಯ ಸ್ರವಿಸುತ್ತದೆಂದು ಅವನ ಸಂಹಿತೆ ಹೇಳುತ್ತದೆ. ಇದಕ್ಕೆ ಮೂಲ ಎಡೆಬಿಡದ ಸ್ನೇಹವೆಂದೂ ಹೇಳುತ್ತದೆ. ಇಂದಿನ ಶಾಸ್ತ್ರ ರಸದ ಹೆಸರು ಹಿಡಿದು ಹೇಳುವುದನ್ನು ಹಳೆಯ ವೈದ್ಯ ಕಣ್ಣಾರೆ ಕಂಡು ಹೇಳಿದ್ದಾನೆ.

ಆದರೆ ಅದೇ ಸಂಹಿತೆ ಇನ್ನೊಂದೆಡೆ, ಕೋಪ, ಶೋಕ, ವಾತ್ಸಲ್ಯವಿಲ್ಲದಿರುವಿಕೆ ಮೊದಲಾದ ಕಾರಣಗಳಿಂದ ಹಾಲು ಬತ್ತುತ್ತದೆಂದೂ ಹೇಳುತ್ತದೆ. ಕೋಪ ಶೋಕಗಳ ಮಾತು ಸರಿ. ಆದರೆ ಈ ಮೂರನೆಯ ಕಾರಣವನ್ನು ನಮ್ಮ ಸಮಾಜ ಬಹು ಭದ್ರವಾಗಿ ಹಿಡಿದುಕೊಂಡುಬಿಟ್ಟಿದೆ. ಹಾಲು ಕಡಮೆಯಾದರೆ, ಮಗು ಮೊಲೆ ಹಿಡಿಯದಿದ್ದರೆ, ಮೊದಲ ಅನುಮಾನ ತಾಯಿಯ ಮನಸ್ಸಿನ ಮೇಲೆ. ಮಗುವಿನ ಬಾಯಿ ಚಿಕ್ಕದಿರಬಹುದು, ಚೀಪುವ ಬಲ ಸಾಲದಿರಬಹುದು, ಅಂಗುಳ ಸೀಳಿರಬಹುದು, ವಾರಗಟ್ಟಲೆ ನಳಿಗೆಗೆ ಒಗ್ಗಿದ್ದಿರಬಹುದು ಎಂಬ ಯೋಚನೆ ಬಹಳ ತಡವಾಗಿ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ.

ನಮ್ಮ ಕೂಸು ಮನೆಗೆ ಬಂದ ಮೇಲೂ ಮೊಲೆ ಹಿಡಿಯಲಿಲ್ಲ. ನಾಲ್ಕು ಗುಟುಕಿಗೆ ದಣಿದು ನಿದ್ದೆ ಹೋಗುತ್ತಿತ್ತು, ತೂಕ ಏರುತ್ತಿರಲಿಲ್ಲ. ವೈದ್ಯರ ಸಲಹೆಯಂತೆ ದಿನಗಟ್ಟಲೆ ಪ್ರಯತ್ನಿಸಿ, ಕೊನೆಗೆ ಮಗಳು ಹಾಲನ್ನು ತೆಗೆದೇ ಕೊಡುವುದೆಂದು ನಿರ್ಧರಿಸಿದಳು. ಬಾಣಂತಿಯನ್ನು ನೋಡಲು ಬಂದ ನೆರೆಯ ಹಿರಿಯರೊಬ್ಬರು, "ಮಗೂನ ಎದೆಗೆ ಹಾಕ್ಕೊಳ್ಳೋದಿಲ್ವೇನಮ್ಮ?" ಎಂದು ಕೇಳಿದರು. "ಹಾಕ್ಕೋತೀನಿ ಅಜ್ಜಿ. ಅವಳು ಹಾಲು ಕುಡಿಯೋದು ಮಾತ್ರ ಒಳಲೇಲಿ" ಎಂದಳು ಮಗಳು. ಅವಳ ಮಾತಿನಲ್ಲಿ ಬಿಸಿಯಿರಲಿಲ್ಲ. ಆದರೆ ಅವರು ಹೋದ ಮೇಲೆ ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಒಳಲೆಯ ಮಾತು ಬಂದುದರಿಂದ ಅದರ ಬಗ್ಗೆ ಎರಡು ಮಾತು ಹೇಳಬೇಕು. ಒಂದು ಕಡೆ ಕಿರುಮೂತಿಯಿರುವ ಈ ಪುಟ್ಟ ಬಟ್ಟಲನ್ನು ಹಳೆಯ ಮನೆಗಳಲ್ಲಿ ಕಾಣದವರಿಲ್ಲ. ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ. ಮಕ್ಕಳಿಗೆ ಹಾಲನ್ನೂ ಔಷಧವನ್ನೂ ಹಾಕಲು ಅಜ್ಜಿಯರು ಬಳಸುತ್ತಿದ್ದ ಈ ಸಾಧನವನ್ನು ಇಂದು ಭಾರತದ ಆಸ್ಪತ್ರೆಗಳು ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತೆಗೆದ ಎದೆಹಾಲು ಕುಡಿಸಲು ಬಳಸುತ್ತವೆ. ಸೀಸೆಯ ರಬ್ಬರು ತೊಟ್ಟಿಗಿಂತ ಇದನ್ನು ತೊಳೆದು ಕುದಿಸಿ ಶುದ್ಧವಾಗಿಡುವುದು ಸುಲಭ.

ಯಂತ್ರದ ಚರಿತ್ರೆಯೂ ಸ್ವಾರಸ್ಯವಾದದ್ದೇ. ಅಮೆರಿಕದಲ್ಲಿ 1854ರಲ್ಲಿ ನ್ಯೂಯಾರ್ಕಿನ ನೀಧಮ್ ಎಂಬಾತ ಎದೆಹಾಲು ತೆಗೆಯುವ ಸಾಧನಕ್ಕೆ ಹಕ್ಕುಪತ್ರ ಪಡೆದ. 1920ರ ದಶಕದಲ್ಲಿ ಇಂಥದೇ ಯಂತ್ರವನ್ನು ರೂಪಿಸಿದ ಎಡ್ವರ್ಡ್ ಲಾಸ್ಕರ್ ಪ್ರಸಿದ್ಧ ಚದುರಂಗದ ಆಟಗಾರನೂ ಆಗಿದ್ದ. ಆದರೆ ತಾಯಿಗೆ ನೋವಾಗದಂತೆ, ಎಳೆದು ಬಿಟ್ಟು, ಎಳೆದು ಬಿಟ್ಟು, ಒಂದು ಮಿತಿಯೊಳಗೆ ಕೆಲಸ ಮಾಡುವ ಯಂತ್ರದ ಗುಟ್ಟನ್ನು ಕಂಡುಕೊಂಡು 1956ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್. ಅವನಿಗೆ ನೆರವಾದವಳು ಮಾಯಾ ಎಂಬ ದಾದಿ. ಯಂತ್ರಕ್ಕೆ ಅವಳ ಹೆಸರನ್ನೇ ಇಟ್ಟರು. ಎಂಜಿನಿಯರನ ಲೆಕ್ಕದ ಜೊತೆಗೆ ದಾದಿಯ ಅನುಭವವೂ ಕೂಡಿದಾಗಲೇ ಆ ಯಂತ್ರಕ್ಕೆ ದಯೆ ಬಂದಿತೆನ್ನಬಹುದು.

ದಯೆಯುಳ್ಳ ಯಂತ್ರವಿದ್ದರೂ ಶ್ರಮ ಶ್ರಮವೇ. ಲೆಕ್ಕ ಹಾಕಿ ನೋಡೋಣ. ಹಾಲು ತೆಗೆಯಲು ಇಪ್ಪತ್ತು ನಿಮಿಷ, ಬಿಡಿಭಾಗಗಳನ್ನು ತೊಳೆದು ಕುದಿಸಲು ಹತ್ತು ನಿಮಿಷ, ಮಗುವಿಗೆ ಕುಡಿಸಲು ಅರ್ಧ ಗಂಟೆ. ದಿನಕ್ಕೆ ಎಂಟು ಬಾರಿಗೆ ಎಂಟು ಗಂಟೆಯಾಯಿತು. ಒಂದು ಕಚೇರಿಯ ಕೆಲಸದ ದಿನ. ಆರು ತಿಂಗಳಿಗೆ 1,400ಕ್ಕೂ ಹೆಚ್ಚು ಸರದಿಗಳು. ಇದರ ಮೇಲೆ ಕಾಪಿಡುವ ಚಿಂತೆ: ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ತಂಪುಪೆಟ್ಟಿಗೆಯಲ್ಲಿ ನಾಲ್ಕು ದಿನ ಇರುತ್ತದೆ. ಅದನ್ನು ನೇರವಾಗಿ ಒಲೆಯ ಮೇಲಿಟ್ಟು ಕಾಯಿಸುವಂತಿಲ್ಲ. ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು. ಮಗುವಿಗೆ ಮೊಲೆಯುಣಿಸಬಲ್ಲ ತಾಯಿಗೆ ಅದಕ್ಕಿಂತ ಸುಲಭವೂ ಉತ್ತಮವೂ ಆದ ದಾರಿಯಿಲ್ಲವೆಂಬುದು ನಿಜ. ಆದರೆ ಆ ದಾರಿ ಮುಚ್ಚಿದಾಗ ಈ ಕಡಿದಾದ ದಾರಿಯನ್ನು ಹಿಡಿದವಳನ್ನು ಸೋಮಾರಿಯೆನ್ನುವುದು ಹೇಗೆ?

ಈ ಲೆಕ್ಕದಲ್ಲಿ ಒಂದು ಸಮಾಧಾನವೂ ಅಡಗಿದೆ. ಮೊಲೆಯುಣಿಸುವುದನ್ನು ತಾಯಿಯಿಂದ ಬೇರೆಯವರು ಹಂಚಿಕೊಳ್ಳಲಾರರು. ತೆಗೆದ ಹಾಲಿನ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲನ್ನು ಮನೆಯವರು ಹಂಚಿಕೊಳ್ಳಬಹುದು. ನಮ್ಮ ಅಳಿಯ ರಾತ್ರಿಯ ಎರಡು ಸರದಿಗಳಲ್ಲಿ ತೊಳೆಯುವ, ಕುದಿಸುವ, ಕುಡಿಸುವ ಕೆಲಸವನ್ನು ತಾನು ವಹಿಸಿಕೊಂಡ. ಬೆಳಗಿನ ಸರದಿ ನನ್ನದಾಯಿತು. ಮಗಳಿಗೆ ಉಳಿದದ್ದು ಅವಳಿಂದ ಮಾತ್ರ ಆಗಬಹುದಾದ ಕೆಲಸ. ಏಳು ತಿಂಗಳು ಹೀಗೆ ನಡೆಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಮನೆಯಲ್ಲಿ ಈ ಹಂಚಿಕೆಯಿಲ್ಲದಿದ್ದರೆ ಅದು ಏಳು ವಾರವೂ ನಡೆಯುತ್ತಿರಲಿಲ್ಲ.

ಮನೆಗೆ ಹೇಳಿದ ಮಾತು ನಾಡಿಗೂ ಸಲ್ಲುತ್ತದೆ. ನಮ್ಮ 1961ರ ಪ್ರಸೂತಿ ಕಾಯಿದೆ, ಕೆಲಸಕ್ಕೆ ಮರಳಿದ ತಾಯಿಗೆ ಮಗುವಿನ ಹದಿನೈದು ತಿಂಗಳವರೆಗೆ ದಿನಕ್ಕೆ ಎರಡು ಬಿಡುವುಗಳನ್ನು ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಐವತ್ತು ಮಂದಿ ದುಡಿಯುವಲ್ಲಿ ಶಿಶುವಿಹಾರವಿರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವೆಲ್ಲ ಇವೆ. ಅಮೆರಿಕದಲ್ಲಿ ಸಂಬಳಸಹಿತ ಹೆರಿಗೆ ರಜೆಯನ್ನು ಎಲ್ಲರಿಗೂ ಕೊಡುವ ಒಕ್ಕೂಟದ ಕಾನೂನಿಲ್ಲ; ಆದರೆ 2010 ಮತ್ತು 2022ರ ಕಾನೂನುಗಳು ಹಾಲು ತೆಗೆಯಲು ವೇಳೆಯನ್ನೂ, ಶೌಚಗೃಹವಲ್ಲದ ಮರೆಯಾದ ಒಂದು ಸ್ಥಳವನ್ನೂ ಕೊಡಬೇಕೆಂದು ಹೆಸರಿಟ್ಟೇ ಹೇಳುತ್ತವೆ. ನಮ್ಮ ರಜೆಯ ಜೊತೆಗೆ ಅವರ ಆ ಕೋಣೆಯೂ ನಮ್ಮ ಶಾಲೆ, ಬ್ಯಾಂಕು, ಕಾರ್ಖಾನೆಗಳಿಗೆ ಬಂದರೆ ಎಷ್ಟು ಚೆನ್ನ! ಕೂಲಿಯ ಹೆಂಗಸಿಗೂ ಮನೆಗೆಲಸದವಳಿಗೂ ಈ ಎರಡರಲ್ಲಿ ಒಂದೂ ಇಲ್ಲವೆಂಬುದನ್ನು ಮರೆಯಬಾರದು.

ತೆಗೆದ ಹಾಲು ಸ್ವಂತ ಕೂಸಿನ ಎಲ್ಲೆಯನ್ನೂ ದಾಟಬಲ್ಲದು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯದ ಮೊದಲನೆಯ ತಾಯಿಹಾಲಿನ ಬ್ಯಾಂಕನ್ನು ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ 2022ರಲ್ಲಿ ಅಂಥದೊಂದು ಬ್ಯಾಂಕು ಆರಂಭವಾಯಿತು. ಹೆಚ್ಚಾದ ಹಾಲನ್ನು ತಾಯಿಯೊಬ್ಬಳು ಕೊಡುತ್ತಾಳೆ. ಪರೀಕ್ಷಿಸಿ, ಹದವಾದ ಶಾಖದಲ್ಲಿ ಶುದ್ಧಗೊಳಿಸಿದ ಮೇಲೆ ಅದು ಹೆಸರರಿಯದ ಇನ್ನೊಂದು ಕೂಸಿನ ನಳಿಗೆಗೆ ಹೋಗುತ್ತದೆ. ಅಲ್ಲಿ ಇಬ್ಬರ ನಡುವೆ ಮಡಿಲಿಲ್ಲ, ಜೋಗುಳವಿಲ್ಲ. ಆದರೂ ಅದು ತಾಯ್ತನವಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆರು ತಿಂಗಳು ಎದೆಹಾಲೊಂದನ್ನೇ ಕೊಡಬೇಕೆನ್ನುವಾಗ, ತೆಗೆದು ಕುಡಿಸಿದ ಹಾಲನ್ನೂ ಅದೇ ಲೆಕ್ಕಕ್ಕೆ ಸೇರಿಸುತ್ತದೆ. ಶಾಸ್ತ್ರ ಒಪ್ಪಿದ್ದನ್ನು ನೆರೆಹೊರೆಯೂ ಒಪ್ಪಬೇಕು. ಬಾಣಂತಿಯನ್ನು ನೋಡಲು ಹೋಗುವವರು 'ಎದೆಗೆ ಹಾಕಿಕೊಳ್ಳುತ್ತೀಯಾ?' ಎಂದು ಕೇಳುವ ಬದಲು, 'ರಾತ್ರಿ ಪಾತ್ರೆ ತೊಳೆಯುವವರು ಯಾರು?' ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆಗ ಮನೆಯ ಉಳಿದವರಾಗುತ್ತಾರೆ.